ಮಳೆ ಒಂದೇ, ಬೀಜ ಬೇರೆ

ಕ್ಯಾನ್ಸರ್ ಅಂತ ಗೊತ್ತಾದ ದಿನ ಮನೆಮಂದಿ ಕೇಳುವುದು ‘ಯಾಕೆ ಬಂತು’ ಎಂದು. ಡಾಕ್ಟರರು ವಯಸ್ಸು, ವಂಶ, ತಂಬಾಕು ಎಂದು ಏನಾದರೊಂದು ಉತ್ತರ ಕೊಡುತ್ತಾರೆ. ಕೇಳಿದವರು ತಲೆಯಾಡಿಸಿ ಮುಂದಿನ ಖರ್ಚಿನ ಯೋಚನೆಗೆ ಬೀಳುತ್ತಾರೆ. ಆದರೆ ಔಷಧ ಹತ್ತಿ, ಗಡ್ಡೆ ಕರಗಿ, ಸ್ಕ್ಯಾನ್ ಸ್ವಚ್ಛವಾಗಿ ಬಂದು, ಮನೆಯಲ್ಲಿ ಹೋಳಿಗೆ ಊಟವೂ ಆದಮೇಲೆ, ವರ್ಷ ತುಂಬುವುದರೊಳಗೆ ಅದೇ ರೋಗ ತಿರುಗಿ ಬಂದರೆ? ಮೊದಲ ಸಲ ಕೆಲಸ ಮಾಡಿದ ಔಷಧಕ್ಕೆ ಈ ಸಲ ಅದು ಜಗ್ಗದೇ ಕೂತರೆ? ಆಗ ಹುಟ್ಟುವ ಪ್ರಶ್ನೆ ಆಸ್ಪತ್ರೆ ದಾಟಿ ದೇವರ ಮನೆಗೆ ಹೋಗುತ್ತದೆ. ಒಮ್ಮೆ ಕೈ ಹಿಡಿದವನು ಎರಡನೆಯ ಸಲ ಕೈ ಬಿಟ್ಟದ್ದೇಕೆ? ಕೊಟ್ಟು ಕಸಿದುಕೊಳ್ಳುವಷ್ಟು ದೊಡ್ಡ ತಪ್ಪು ನಮ್ಮಿಂದ ಏನಾಯಿತು?

ಈ ಪ್ರಶ್ನೆ ನನಗೆ ಎದುರಾದದ್ದು ನಮ್ಮ ವೈನಿಯ ಬಾಯಲ್ಲಿ. ನಾನು ಜಮಖಂಡಿಯ ಮಗಳು. ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ನಿವೃತ್ತಿಗೆ ಬಂದವಳು. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಅಂಡಾಶಯದ ಕ್ಯಾನ್ಸರ್ ಎಂದು ತಿಳಿದಾಗ ಅವರನ್ನು ಕೋಥರೂಡಿನ ನಮ್ಮ ಮನೆಗೇ ಕರೆತಂದೆವು. ಶಸ್ತ್ರಕ್ರಿಯೆ ಆಯಿತು, ಮೂರು ವಾರಕ್ಕೊಮ್ಮೆ ಕಿಮೋ ಆಯಿತು, ಕೂದಲು ಹೋಗಿ ಮತ್ತೆ ಬಂತು. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಸಿಎ 125 ಎಂಬ ಅಂಶ ಇಳಿದು ಸಾಮಾನ್ಯಕ್ಕೆ ಬಂದಾಗ ಅಣ್ಣ ಆ ರಿಪೋರ್ಟನ್ನು ದೇವರ ಮುಂದಿಟ್ಟು ಕೈಮುಗಿದ. ಆಮೇಲೆ ಅದೇ ಅಂಕಿ ಏರತೊಡಗಿತು. ಅವೇ ಔಷಧಗಳನ್ನು ಮತ್ತೆ ಕೊಟ್ಟರು. ಸ್ವಲ್ಪ ತಗ್ಗಿದಂತೆ ಮಾಡಿ ಅಂಕಿ ಮತ್ತೆ ಏರಿತು. ಊರಿನಿಂದ ಬಂದ ಬಳಗದವರು ಹಾಸಿಗೆಯ ಬಳಿ ಕೂತು, ಧ್ವನಿ ತಗ್ಗಿಸಿ, ಆದರೆ ಆಕೆಗೆ ಕೇಳುವಷ್ಟು ಜೋರಾಗಿಯೇ ಮಾತಾಡಿದರು: ಕುಲದೇವರ ಹರಕೆ ಬಾಕಿ ಉಳಿದಿತ್ತಂತೆ, ಹಿಂದಿನ ಜನ್ಮದ್ದು ಇರಬೇಕು, ಕರ್ಮ ಯಾರನ್ನು ಬಿಟ್ಟೀತು.

ಅವರು ಹೋದಮೇಲೆ ವೈನಿ ನನ್ನನ್ನು ಕೇಳಿದರು: “ನಾ ಅಂಥಾದ್ದು ಏನ್ ಮಾಡೀನಿ ಅಂತ ನಿನಗ ಅನಸ್ತದ? ನೀ ಕಲತಾಕಿ, ಖರೇ ಹೇಳು.”

ನಾನು ಬಾಯಿ ತೆಗೆಯುವ ಮೊದಲೇ ತಾವೇ ಒಂದು ಪಾಪವನ್ನು ಹುಡುಕಿಟ್ಟಿದ್ದರು. 1972ರ ಬರಗಾಲದ ವರ್ಷ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ಹೆಂಗಸೊಬ್ಬಳು ಹಿತ್ತಲ ಬಾಗಿಲಿಗೆ ಬಂದು ಜೋಳದ ಹಿಟ್ಟು ಬೇಡಿದಳಂತೆ. ಡಬ್ಬಿಯ ತಳದಲ್ಲಿ ಮರುದಿನದ ರೊಟ್ಟಿಗೆ ಆಗುವಷ್ಟು ಹಿಟ್ಟಿತ್ತು. ಮಕ್ಕಳ ಮುಖ ನೋಡಿ ವೈನಿ ‘ಇಲ್ಲವ್ವಾ’ ಎಂದು ಕಳಿಸಿದರು. ಆ ಹಿಟ್ಟಿನ ಲೆಕ್ಕ ಈಗ ಬಂದಿದೆ ಎನ್ನುವುದು ಅವರ ನಂಬಿಕೆ. ಅಷ್ಟು ದೊಡ್ಡ ನೋವಿಗೆ ಸರಿದೂಗುವ ಪಾಪ ಬದುಕಿನಲ್ಲಿ ಸಿಗದೆ, ಸಿಕ್ಕ ಚಿಕ್ಕದೊಂದನ್ನೇ ಹಿಗ್ಗಿಸಿ ಹಿಗ್ಗಿಸಿ ನೋವಿನ ಅಳತೆಗೆ ತಂದಿದ್ದರು. ಅದನ್ನು ಕಂಡು ನನಗೆ ಬಂದ ಸಂಕಟ ಇನ್ನೂ ಆರಿಲ್ಲ. ಈ ಬರಹ ಅವರಿಗೆ ನಾನು ಕೊಡಬೇಕಾದ ಉತ್ತರ. ಆಗ ತುಂಡುತುಂಡಾಗಿ ಹೇಳಿದ್ದನ್ನು ಈಗ ಒಟ್ಟಿಗೆ ಹೇಳುತ್ತಿದ್ದೇನೆ.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಎದುರಿಸದೆ ಬಿಟ್ಟಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ದೇವರ ಮೇಲೆ ಎರಡು ಆರೋಪಗಳು ಬರುತ್ತವೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವವನು ಪಕ್ಷಪಾತಿ ಎಂಬುದು ಒಂದು. ಇಷ್ಟೊಂದು ದುಃಖವನ್ನು ನೋಡುತ್ತ ನಡೆಸುವವನು ಕ್ರೂರಿ ಎಂಬುದು ಇನ್ನೊಂದು. ಸೂತ್ರಕಾರರು ಎರಡನ್ನೂ ತಳ್ಳಿಹಾಕುತ್ತಾರೆ. ಶಂಕರರು, ರಾಮಾನುಜರು, ಮಧ್ವರು ಬೇರೆ ಎಷ್ಟೋ ಕಡೆ ಜಗಳವಾಡಿದರೂ ಇಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿದ್ದಾರೆ: ದೇವರು ಜೀವರ ಕರ್ಮವನ್ನು ನೋಡಿಯೇ ಫಲ ಕೊಡುತ್ತಾನೆ, ಆದ್ದರಿಂದ ಅವನಿಗೆ ದೋಷ ಅಂಟದು. ಮೊಟ್ಟಮೊದಲು ಕರ್ಮ ಎಲ್ಲಿಂದ ಬಂತು ಎಂದು ಕೇಳಿದರೆ, ಸಂಸಾರಕ್ಕೆ ಮೊದಲೇ ಇಲ್ಲ, ಅದು ಅನಾದಿ ಎಂಬುದು ಮುಂದಿನ ಸೂತ್ರದ ಉತ್ತರ.

ನಮ್ಮದು ಮಾಧ್ವರ ಮನೆ. ಆದರೂ ಸಂಸ್ಕೃತ ಕಲಿಸುತ್ತಿದ್ದ ನಮ್ಮ ಕಾಕಾ ಈ ಜಾಗಕ್ಕೆ ಬಂದಾಗ ಶಂಕರಭಾಷ್ಯದ ದೃಷ್ಟಾಂತವನ್ನೇ ಎತ್ತಿಕೊಳ್ಳುತ್ತಿದ್ದರು. ಶಂಕರಾಚಾರ್ಯರು ಅಲ್ಲಿ ಈಶ್ವರನನ್ನು ಮಳೆಗೆ ಹೋಲಿಸಿದ್ದಾರೆ. ಭತ್ತಕ್ಕೂ ಜವೆಗೂ ಮಳೆ ಸಮಾನ ಕಾರಣ. ಭತ್ತ ಭತ್ತವಾಗುವುದಕ್ಕೂ ಜವೆ ಜವೆಯಾಗುವುದಕ್ಕೂ ಆಯಾ ಬೀಜದಲ್ಲಿರುವ ಸಾಮರ್ಥ್ಯವೇ ಕಾರಣ. “ಮಳಿ ಎಲ್ಲಾರ ಹೊಲಕ್ಕೂ ಅದ ಸುರೀತದ, ಬೀಜ ನೋಡ್ಕೊಳವಾ” ಎಂದು ಕಾಕಾ ನನಗೆ ಹೇಳುತ್ತಿದ್ದರು. ಆ ಮಾತು ನನ್ನ ಜೊತೆಗೆ ಕಿಮೋ ವಾರ್ಡಿಗೂ ಬಂತು.

ಡೇ ಕೇರ್ ವಾರ್ಡಿನ ಕುರ್ಚಿಯಲ್ಲಿ ಕೂತ ವೈನಿಯ ಕೈಗೆ ಸೂಜಿ ಚುಚ್ಚಿ, ವಾಂತಿ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್ ಮೊದಲು ಕೊಟ್ಟು, ಆಮೇಲೆ ನರ್ಸ್ ಎರಡು ಔಷಧಗಳನ್ನು ಒಂದಾದಮೇಲೊಂದು ಹನಿಸುತ್ತಿದ್ದಳು. ಮೊದಲನೆಯದು ಪ್ಯಾಕ್ಲಿಟ್ಯಾಕ್ಸೆಲ್. ಅಮೆರಿಕದ ಪೆಸಿಫಿಕ್ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕ ಇದರ ರಚನೆಯನ್ನು 1971ರಲ್ಲಿ ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್ ಅವರೊಡನೆ ಮುಂದಾಳಾಗಿದ್ದವರು ಮನ್ಸುಖ್ ವಾಣಿ. ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಂದುರಬಾರದಲ್ಲಿ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮ ನಾಳಿಗಳನ್ನು ಈ ಔಷಧ ಬಿಗಿದು ನಿಲ್ಲಿಸುತ್ತದೆ. ವಿಭಜನೆ ನಡುವೆಯೇ ಸಿಕ್ಕಿಬಿದ್ದು ಕೋಶ ಸಾಯುತ್ತದೆ. ಎರಡನೆಯದು ಕಾರ್ಬೊಪ್ಲಾಟಿನ್, ಪ್ಲಾಟಿನಂ ಲೋಹದ ಸಂಯುಕ್ತ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ಪ್ಲಾಟಿನಂ ವಿದ್ಯುದ್ವಾರ ಇಟ್ಟು ಕರೆಂಟ್ ಹರಿಸಿದಾಗ ಅವು ವಿಭಜನೆಯಾಗದೆ ಉದ್ದುದ್ದ ಬೆಳೆದವು. ಅಲ್ಲಿಂದ ಹುಟ್ಟಿದ ಸಿಸ್‌ಪ್ಲಾಟಿನ್‌ನ ತಂಗಿ ಇದು. ಡಿಎನ್‌ಎಗೆ ಅಂಟಿ, ಎಳೆಗಳನ್ನು ಗಂಟು ಹಾಕಿ, ನಕಲು ಆಗದಂತೆ ಮಾಡುತ್ತದೆ.

ಡ್ರಿಪ್ಪಿನ ಕೊಳವೆಯಲ್ಲಿ ಇಳಿಯುವ ಈ ಹನಿಗೆ ಯಾವ ಕೋಶದ ಮೇಲೂ ದ್ವೇಷವಿಲ್ಲ. ಗಡ್ಡೆಗೂ ಹೋಗುತ್ತದೆ, ಕೂದಲಿನ ಬುಡಕ್ಕೂ ಹೋಗುತ್ತದೆ, ಬಾಯಿಯ ಒಳಪದರಕ್ಕೂ ಮಜ್ಜೆಗೂ ಹೋಗುತ್ತದೆ. ರಕ್ತನಾಳ ಸರಿಯಾಗಿ ಮುಟ್ಟದ ಮೂಲೆಗಳಿಗೆ ಕಡಿಮೆ ತಲುಪುವುದುಂಟು, ನಿಜ. ಆದರೂ ಅದು ಆರಿಸಿ ಸುರಿಯುವುದಿಲ್ಲ. ಮಳೆಯ ಸಮತೆಯನ್ನು ಇಷ್ಟು ಹತ್ತಿರದಿಂದ ನಾನು ಬೇರೆಲ್ಲೂ ನೋಡಿಲ್ಲ. ಹಾಗಾದರೆ ಉಳಿದುಕೊಂಡ ಕೋಶ ಉಳಿದದ್ದು ಹೇಗೆ? ಭಾಷ್ಯದ ಮಾತಿನಲ್ಲಿ ಕೇಳಿದರೆ, ಬೀಜದ ಭೇದ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಕ್ಯಾನ್ಸರಿನಿಂದ ಸಿಕ್ಕಿದ್ದಲ್ಲ, ಬ್ಯಾಕ್ಟೀರಿಯಾಗಳಿಂದ ಸಿಕ್ಕಿದ್ದು. 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಮಾಡಿದ ಪ್ರಯೋಗವನ್ನು ನಾನು ಬಿಎಸ್‌ಸಿ ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಒಂದಿದೆ. ಅದರ ಎದುರು ಕೆಲವು ಮಾತ್ರ ಬದುಕುಳಿಯುತ್ತವೆ. ವೈರಸ್ ತಾಗಿದಾಗ ಅವು ತಡೆಯುವ ಶಕ್ತಿಯನ್ನು ಸಂಪಾದಿಸಿಕೊಳ್ಳುತ್ತವೆಯೋ, ಅಥವಾ ವೈರಸ್ ಕಾಣುವ ಮೊದಲೇ ಆ ಶಕ್ತಿ ಅವುಗಳಲ್ಲಿತ್ತೋ? ಇಬ್ಬರೂ ಬೇರೆಬೇರೆ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಒಂದೊಂದನ್ನು ವೈರಸ್ ಸವರಿದ ಒಂದೊಂದು ತಟ್ಟೆಯ ಮೇಲೆ ಸುರಿದರು. ತಾಗಿದಾಗಲೇ ಕಲಿಯುವುದಾದರೆ ಎಲ್ಲ ತಟ್ಟೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಅಷ್ಟೇ ಉಳಿಯಬೇಕು. ಆದದ್ದು ಬೇರೆ. ಬಹಳಷ್ಟು ತಟ್ಟೆಗಳಲ್ಲಿ ಒಂದೂ ಉಳಿಯಲಿಲ್ಲ, ಅಥವಾ ಎಲ್ಲೋ ಕೆಲವು ಉಳಿದವು. ಒಂದೆರಡರಲ್ಲಿ ಮಾತ್ರ ರಾಶಿರಾಶಿ ಉಳಿದಿದ್ದವು. ಅಂದರೆ ಆ ನಳಿಕೆಗಳಲ್ಲಿ ಬದಲಾವಣೆ ಮುಂಚೆಯೇ ಆಗಿ, ಆ ಒಂದರ ಸಂತಾನ ಸದ್ದಿಲ್ಲದೆ ಬೆಳೆದಿತ್ತು. 1979ರಲ್ಲಿ ಕೆನಡಾದ ಜೇಮ್ಸ್ ಗೋಲ್ಡಿ ಮತ್ತು ಆಂಡ್ರ್ಯೂ ಕೋಲ್ಡ್‌ಮನ್ ಇದೇ ಗಣಿತವನ್ನು ಕ್ಯಾನ್ಸರಿಗೆ ಹಚ್ಚಿ ನೋಡಿದರು. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ ಎಂದು ಅಂದಾಜು. ಒಂದೊಂದು ಕೋಶವೂ ಎರಡಾಗುವ ಮೊದಲು ಸುಮಾರು 300 ಕೋಟಿ ಅಕ್ಷರಗಳ ಬರಹದ ಎರಡು ಪ್ರತಿಗಳನ್ನು ನಕಲು ಮಾಡಬೇಕು. ಅಷ್ಟು ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಆಗಿಯೇ ಆಗುತ್ತದೆ. ವೈನಿಯ ಹೊಟ್ಟೆ ಉಬ್ಬಿ ನಾವು ಡಾಕ್ಟರರ ಬಳಿ ಹೋಗುವ ಹೊತ್ತಿಗೆ, ಮೊದಲ ಹನಿ ಇಳಿಯುವುದಕ್ಕೆ ಎಷ್ಟೋ ಮೊದಲು, ಆ ಔಷಧಕ್ಕೆ ಬಗ್ಗದ ಕೋಶ ಅಲ್ಲಿ ಹುಟ್ಟಿರುವ ಸಂಭವವೇ ಹೆಚ್ಚು. ಔಷಧ ಅದನ್ನು ಸೃಷ್ಟಿಸಲಿಲ್ಲ. ಅದರ ಸುತ್ತಲಿನವರನ್ನು ತೆಗೆದು ಅದಕ್ಕೆ ಜಾಗ ಮಾಡಿಕೊಟ್ಟಿತು.

ಕ್ಯಾನ್ಸರಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಉಳಿಯುವ ದಾರಿಗಳು ಹಲವು. ಆ ದಾರಿಗಳನ್ನು ಒಂದೊಂದಾಗಿ ನೋಡಿದಾಗಲೇ ಕ್ಯಾನ್ಸರ್ ಕೋಶವೆಂದರೆ ರಾಕ್ಷಸ ಎಂದು ನನ್ನ ಮನಸ್ಸಿನಲ್ಲಿದ್ದ ಚಿತ್ರ ಅಳಿಸಿಹೋಯಿತು.

ಮೊದಲನೆಯದು ಹೊರಹಾಕುವ ದಾರಿ. ಅದನ್ನು ಹೇಳಲು ಕಾಲೇಜಿನ ಪ್ರಾಕ್ಟಿಕಲ್ಲಿನಿಂದ ಆರಂಭಿಸಬೇಕು. ಈರುಳ್ಳಿ ಬೇರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಗಾಜಿನ ನಡುವೆ ಇಟ್ಟು, ಹೀರುಕಾಗದದ ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಸೂಕ್ಷ್ಮದರ್ಶಕದಲ್ಲಿ ಕೆಂಪು ವರ್ಣತಂತುಗಳು ಬಿಚ್ಚಿಕೊಂಡು ಕಾಣುತ್ತವೆ. ವಿಭಜನೆಯನ್ನು ನಡುವೆಯೇ ನಿಲ್ಲಿಸಿ ತೋರಿಸಲು ಪ್ರಾಕ್ಟಿಕಲ್ಲಿನಲ್ಲಿ ಕಾಲ್ಚಿಸಿನ್ ಬಳಸುತ್ತಿದ್ದೆವು. ಅದೇ ಕಾಲ್ಚಿಸಿನ್‌ಗೆ ಸಾಯದ ಹ್ಯಾಮ್ಸ್ಟರ್ ಕೋಶಗಳನ್ನು ಪರೀಕ್ಷಿಸುತ್ತ 1976ರಲ್ಲಿ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಕೋಶದ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬುದನ್ನು ಕಂಡರು. ತೂತುಬಿದ್ದ ದೋಣಿಯಲ್ಲಿ ಕೂತವನು ನೀರನ್ನು ತೋಡಿ ತೋಡಿ ಹೊರಗೆ ಚೆಲ್ಲುವಂತೆ, ಒಳಗೆ ನುಗ್ಗಿದ ಔಷಧವನ್ನು ಅದು ಹೊರಗೆಸೆಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲನ್ನೂ ಹಾಗೆಯೇ ಎಸೆಯುತ್ತದೆ. ಈ ಪಂಪು ಕ್ಯಾನ್ಸರ್ ತನಗಾಗಿ ಕಟ್ಟಿಕೊಂಡದ್ದೂ ಅಲ್ಲ. ನಮ್ಮೆಲ್ಲರ ಕರುಳಿನ ಗೋಡೆಯಲ್ಲಿ, ಯಕೃತ್ತಿನಲ್ಲಿ, ಮೂತ್ರಪಿಂಡದಲ್ಲಿ, ಮಿದುಳಿನ ರಕ್ತನಾಳಗಳಲ್ಲಿ ಅದು ಇದೆ. ಬಸುರಿಯ ಮಾಸಿನಲ್ಲೂ ಇದ್ದು ಹೊಟ್ಟೆಯ ಕೂಸನ್ನು ವಿಷದಿಂದ ಕಾಯುತ್ತದೆ. ವೈನಿ ನಾಲ್ಕು ಮಕ್ಕಳನ್ನು ಹೊತ್ತಾಗ ಆ ಕಾವಲು ಕೆಲಸ ಮಾಡಿತ್ತು.

ಎರಡನೆಯದು ರಿಪೇರಿಯ ದಾರಿ. ಬಿಆರ್‌ಸಿಎ ಎಂಬ ವಂಶವಾಹಿಗಳು ಮುರಿದ ಡಿಎನ್‌ಎಯನ್ನು ಜೋಡಿಸುತ್ತವೆ. ಕೆಲವು ಮನೆತನಗಳಲ್ಲಿ ಇವು ಹುಟ್ಟಿನಿಂದಲೇ ಕೆಟ್ಟಿರುತ್ತವೆ, ಅಂಥವರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚು. ಆದರೆ ರಿಪೇರಿ ಗೊತ್ತಿಲ್ಲದ ಕೋಶಕ್ಕೆ ಪ್ಲಾಟಿನಂ ಹಾಕಿದ ಗಂಟನ್ನು ಬಿಚ್ಚಲೂ ಬರುವುದಿಲ್ಲ, ಹಾಗಾಗಿ ಔಷಧ ಚೆನ್ನಾಗಿ ಹತ್ತುತ್ತದೆ. 2008ರಲ್ಲಿ ವಿಜ್ಞಾನಿಗಳು ಇನ್ನೊಂದನ್ನು ತೋರಿಸಿದರು. ಔಷಧಕ್ಕೆ ಬಗ್ಗದೇ ಹೋದ ಇಂಥ ಕೆಲವು ಗಡ್ಡೆಗಳಲ್ಲಿ ಎರಡನೆಯ ತಪ್ಪೊಂದು ಮೊದಲ ತಪ್ಪನ್ನು ಸರಿಪಡಿಸಿ, ಕೆಟ್ಟ ವಂಶವಾಹಿ ಮತ್ತೆ ನೆಟ್ಟಗಾಗಿತ್ತು. ಕೋಶ ಗುಣವಾಗಿತ್ತು. ಅದು ಗುಣವಾದದ್ದೇ ರೋಗಿಗೆ ಮುಳುವಾಯಿತು. ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ಇಲ್ಲಿ ಯಾವುದು ಪುಣ್ಯ, ಯಾವುದು ಪಾಪ ಎಂದು ಗೆರೆ ಎಳೆಯಲು ನನ್ನಿಂದ ಆಗಲಿಲ್ಲ.

ಮೂರನೆಯದು ಸುಮ್ಮನಿದ್ದು ಉಳಿಯುವ ದಾರಿ. ಕಿಮೋ ಔಷಧಗಳು ಹೆಚ್ಚಾಗಿ ಹೊಡೆಯುವುದು ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು. ಕೆಲಸ ನಿಲ್ಲಿಸಿ ಮಲಗಿದ ಕೋಶ ಅವುಗಳ ಕಣ್ಣಿಗೆ ಬೀಳುವುದು ಕಡಿಮೆ. ಹೀಗೆ ಉಳಿದು ಗಡ್ಡೆಯನ್ನು ಮತ್ತೆ ಕಟ್ಟುವ ಕೋಶಗಳ ಬಗ್ಗೆ ಒಂದು ಮುಖ್ಯ ಕೆಲಸ ನಮ್ಮ ಪುಣೆಯಲ್ಲೇ ನಡೆಯಿತು. ಗಣೇಶಖಿಂಡದ ವಿದ್ಯಾಪೀಠದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಶರ್ಮಿಳಾ ಬಾಪಟ್ ಮತ್ತು ಸಂಗಡಿಗರು, ಅಂಡಾಶಯದ ಕ್ಯಾನ್ಸರ್ ಬಲಿತ ರೋಗಿಯೊಬ್ಬರ ಹೊಟ್ಟೆಯಲ್ಲಿ ತುಂಬಿದ ನೀರಿನಿಂದ ಕೋಶಗಳನ್ನು ತೆಗೆದು ಬೆಳೆಸಿ, ಅವುಗಳಲ್ಲಿ ಕಾಂಡಕೋಶದಂಥ ಗುಣವುಳ್ಳವು ಇವೆ, ಇಡೀ ಗಡ್ಡೆಯನ್ನು ಮತ್ತೆ ಕಟ್ಟುವ ಶಕ್ತಿ ಅವಕ್ಕಿದೆ ಎಂದು 2005ರಲ್ಲಿ ಪ್ರಕಟಿಸಿದರು. 2009ರಲ್ಲಿ ಅದೇ ಪ್ರಯೋಗಾಲಯ ಸ್ನೇಲ್ ಮತ್ತು ಸ್ಲಗ್ ಎಂಬ ಎರಡು ವಂಶವಾಹಿಗಳು ಇಂಥ ಕೋಶಗಳಿಗೆ ಕಿಮೋ ಮತ್ತು ವಿಕಿರಣದ ಎದುರು ಸಾಯದಿರಲು ನೆರವಾಗುವುದನ್ನು ತೋರಿಸಿತು. ತಾಯಿಯ ಗರ್ಭದಲ್ಲಿ ಪಿಂಡ ರೂಪ ತಳೆಯುವಾಗ ಕೋಶಗಳು ಇದ್ದ ಜಾಗ ಬಿಟ್ಟು ತಮ್ಮ ಜಾಗಕ್ಕೆ ಸಾಗಲು ಬೇಕಾದವೇ ಈ ಸ್ನೇಲ್ ಮತ್ತು ಸ್ಲಗ್. ಅವು ಇಲ್ಲದಿದ್ದರೆ ನಾವು ಯಾರೂ ಮನುಷ್ಯರ ಆಕಾರಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಹ್ಯಾದ್ರಿಯ ಕಾಡಿನಲ್ಲಿ ಮರಾಠಿಯವರು ನರಕ್ಯಾ ಎನ್ನುವ ಮರವಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಿಷವಿದೆ. ವಾಲ್ ಮತ್ತು ವಾಣಿ ಇದನ್ನು 1966ರಲ್ಲಿ ಚೀನಾದ ಕ್ಯಾಂಪ್ಟೊಥೆಕಾ ಮರದಲ್ಲಿ ಮೊದಲು ಕಂಡಿದ್ದರು. ಪ್ಲಾಟಿನಂ ಕೈಕೊಟ್ಟಮೇಲೆ ಅಂಡಾಶಯದ ಕ್ಯಾನ್ಸರಿಗೆ ಕೊಡುವ ಟೊಪೊಟಿಕ್ಯಾನ್ ಇದರಿಂದಲೇ ಬಂದದ್ದು, ವೈನಿಗೂ ಕೊಟ್ಟರು. ಡಿಎನ್‌ಎಯ ತಿರುಚನ್ನು ಸಡಿಲಿಸುವ ಒಂದು ಕಿಣ್ವವನ್ನು ಹಿಡಿದು ಈ ವಿಷ ಕೋಶವನ್ನು ಕೊಲ್ಲುತ್ತದೆ. ಆ ಕಿಣ್ವ ಮರಕ್ಕೂ ಬೇಕು. ಹಾಗಾದರೆ ತನ್ನ ವಿಷದಿಂದ ಮರ ತಾನೇ ಸಾಯದಿರುವುದು ಹೇಗೆ? 2008ರಲ್ಲಿ ಉತ್ತರ ಸಿಕ್ಕಿತು. ಕ್ಯಾಂಪ್ಟೊಥೆಕಾ ಮರದ ಆ ಕಿಣ್ವದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ. ಈ ಔಷಧಕ್ಕೆ ಬಗ್ಗದ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಮೊದಲೇ ಸಿಕ್ಕಿತ್ತು. ಮರಕ್ಕೆ ಅದು ಪ್ರಾಣ, ಗಡ್ಡೆಯಲ್ಲಿ ಅದು ನಮಗೆ ಮೃತ್ಯು. ಬದಲಾವಣೆ ಮಾತ್ರ ಒಂದೇ. ಮರವನ್ನು ಸಾತ್ತ್ವಿಕ, ಕೋಶವನ್ನು ಅಸುರ ಎನ್ನಲು ಯಾವ ಶಾಸ್ತ್ರದ ಆಧಾರವಿದೆ?

ಈಗ ಭಾಷ್ಯಕ್ಕೆ ತಿರುಗಿ ಬರುತ್ತೇನೆ. ಮಳೆ ಸಮಾನ ಎಂಬುದು ನಿಜವಾಯಿತು. ಭೇದ ಬೀಜದಲ್ಲಿದೆ ಎಂಬುದೂ ನಿಜವಾಯಿತು. ಆ ಭೇದ ಮಳೆಗಿಂತ ಮೊದಲಿನದು ಎಂಬುದೂ ಬಹುಮಟ್ಟಿಗೆ ನಿಜವಾಯಿತು. ಆದರೆ ಆ ಮೊದಲಿನದನ್ನು ತೆರೆದು ನೋಡಿದಾಗ ಅಲ್ಲಿ ಯಾರ ಅಪರಾಧವೂ ಸಿಗಲಿಲ್ಲ. ನಕಲು ಮಾಡುವಾಗ ಆದ ತಪ್ಪು ಸಿಕ್ಕಿತು, ಗರ್ಭ ಕಾಯುವ ಪಂಪು ಸಿಕ್ಕಿತು, ಮುರಿದದ್ದನ್ನು ಜೋಡಿಸುವ ರಿಪೇರಿ ಸಿಕ್ಕಿತು. ಕರ್ಮಕ್ಕೆ ಮಾಡುವವನೊಬ್ಬ ಬೇಕು, ಅವನಿಗೆ ಸಂಕಲ್ಪ ಬೇಕು. ಕೋಶಕ್ಕೆ ಸಂಕಲ್ಪವಿಲ್ಲ. ಅದು ವೈನಿಯ ಮೇಲೆ ಸೇಡು ತೀರಿಸುತ್ತಿರಲಿಲ್ಲ. ಅದಕ್ಕೆ ವೈನಿ ಯಾರೆಂದೇ ಗೊತ್ತಿರಲಿಲ್ಲ.

ಕಾಕಾ ಇದ್ದಿದ್ದರೆ ಒಂದು ಮಾತು ಕೇಳುತ್ತಿದ್ದರು: ವೈನಿಯ ಕರ್ಮವೇ ಆ ನಕಲಿನ ತಪ್ಪಿನ ಮೂಲಕ ಕೆಲಸ ಮಾಡಿರಬಾರದೇಕೆ? ಹಾಗೆಂದು ಹೇಳಬಹುದು, ಯಾರೂ ಸುಳ್ಳೆಂದು ತೋರಿಸಲಾರರು. ಆದರೆ ಗುಣವಾದರೆ ಪುಣ್ಯ, ಗುಣವಾಗದಿದ್ದರೆ ಪಾಪ ಎಂದು ಏನೇ ಆದರೂ ಹೊಂದಿಕೊಳ್ಳುವ ಉತ್ತರ ರೋಗಿಗೆ ಅಪರಾಧದ ಹೊರೆಯೊಂದನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ನಮ್ಮ ಪರಂಪರೆಯೂ ಎಲ್ಲವನ್ನೂ ಪೂರ್ವಕರ್ಮದ ತಲೆಗೆ ಕಟ್ಟಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಆಯುಷ್ಯ ಮೊದಲೇ ನಿಶ್ಚಿತವೋ ಎಂದು ಕೇಳಿದಾಗ, ದೈವವೊಂದೇ ಅಲ್ಲ, ಪುರುಷಪ್ರಯತ್ನವೂ ಬೇಕು, ಎಲ್ಲವೂ ನಿಶ್ಚಿತವಾಗಿದ್ದರೆ ಔಷಧಕ್ಕೆ ಅರ್ಥವೇನು ಎಂಬ ಧಾಟಿಯಲ್ಲಿ ಆತ್ರೇಯರು ಉತ್ತರಿಸುತ್ತಾರೆ. ಎಲ್ಲ ನೋವೂ ಪೂರ್ವಕರ್ಮದಿಂದಲೇ ಬರುತ್ತದೆಯೇ ಎಂದು ಬುದ್ಧನನ್ನು ಸೀವಕನೆಂಬ ಪರಿವ್ರಾಜಕ ಕೇಳಿದ್ದು ಪಾಲಿಯ ಸಂಯುತ್ತನಿಕಾಯದಲ್ಲಿದೆ. ಪಿತ್ತದಿಂದ, ಕಫದಿಂದ, ವಾತದಿಂದ, ಋತು ಬದಲಾದುದರಿಂದ, ಪೆಟ್ಟಿನಿಂದ ಹುಟ್ಟುವ ನೋವುಗಳೂ ಉಂಟು, ಕರ್ಮದಿಂದ ಹುಟ್ಟುವುದು ಅವುಗಳಲ್ಲಿ ಒಂದು ಬಗೆ ಮಾತ್ರ ಎಂದು ಬುದ್ಧ ಹೇಳುತ್ತಾನೆ. ಎಲ್ಲ ನೋವೂ ಹಿಂದೆ ಮಾಡಿದ್ದರ ಫಲ ಎನ್ನುವವರು ಕಂಡದ್ದನ್ನು ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ತೀರ್ಮಾನ.

ಕರ್ಮಸಿದ್ಧಾಂತವನ್ನು ನಾನು ಬಿಟ್ಟುಕೊಟ್ಟಿಲ್ಲ. ನಾಳೆ ನಾನು ಏನು ಮಾಡಬೇಕು ಎಂಬುದಕ್ಕೆ ಅದು ನನಗೆ ಬೇಕು. ಅದು ನನ್ನ ಕೈಗಳಿಗೆ ಹೇಳಿದ ಮಾತು. ಇನ್ನೊಬ್ಬರ ಹೊಟ್ಟೆಯೊಳಗಿನ ಗಡ್ಡೆಗೆ ತೀರ್ಪು ಬರೆಯಲು ಕೊಟ್ಟ ಲೇಖನಿ ಅದಲ್ಲ. ಬರಗಾಲದಲ್ಲಿ ಹಿಟ್ಟು ಕೊಡಲಿಲ್ಲವೆಂಬ ಕೊರಗು ವೈನಿಗೆ ಇದ್ದರೆ, ಆ ಕೊರಗಿಗೆ ಉತ್ತರ ಅವರು ಆಮೇಲೆ ಬದುಕಿದ ರೀತಿಯಲ್ಲೇ ಇತ್ತು. ಅವರ ಮನೆಯ ಬಾಗಿಲಿಂದ ಮುಂದೆಂದೂ ಯಾರೂ ಬರಿಗೈಲಿ ಹೋಗಲಿಲ್ಲ. ಕರ್ಮ ಫಲ ಕೊಟ್ಟದ್ದು ಅಲ್ಲಿ. ಸಿಎ 125ರ ಅಂಕಿಯಲ್ಲಿ ಅದನ್ನು ಹುಡುಕಬಾರದು.

ಕೋಶವನ್ನು ಅಸುರನೆಂದು ನೋಡದೆ ಇದ್ದಂತೆ ನೋಡಿದರೆ ಚಿಕಿತ್ಸೆಯ ದಾರಿಯೂ ಬೇರೆಯಾಗುತ್ತದೆ. ಮಹಾಭಾರತದ ಖಾಂಡವದಹನವನ್ನು ನೆನೆಯಿರಿ. ಕೃಷ್ಣಾರ್ಜುನರು ಎರಡೂ ಕಡೆ ನಿಂತು ಇಡೀ ಕಾಡನ್ನು ಅಗ್ನಿಗೆ ಒಪ್ಪಿಸಿದರು. ಆದರೂ ಆರು ಜೀವ ಉಳಿದವು. ಮಯ ಶರಣು ಬಂದು ಉಳಿದ. ನಾಲ್ಕು ಶಾರ್ಙ್ಗಕ ಮರಿಗಳು ಅಗ್ನಿಯನ್ನು ಸ್ತುತಿಸಿ ಉಳಿದವು. ಅಶ್ವಸೇನನೆಂಬ ಹಾವು ತಾಯಿ ಪ್ರಾಣ ಕೊಟ್ಟದ್ದರಿಂದ ಉಳಿಯಿತು. ಒಬ್ಬೊಬ್ಬರು ಉಳಿದ ದಾರಿ ಬೇರೆಬೇರೆ. ಆ ಅಶ್ವಸೇನನೇ ಮುಂದೆ ಕರ್ಣನ ಬಾಣವೇರಿ ಅರ್ಜುನನ ಕೊರಳಿಗೆ ಬಂದ. ಸಂಪೂರ್ಣ ಸುಡಲು ಹೊರಟ ಬೆಂಕಿ ತನ್ನಿಂದ ಸುಡಲಾಗದ್ದನ್ನೇ ಆರಿಸಿ ಉಳಿಸುತ್ತದೆ. ಅಮೆರಿಕದ ಮೊಫಿಟ್ ಕ್ಯಾನ್ಸರ್ ಕೇಂದ್ರದ ರಾಬರ್ಟ್ ಗೇಟನ್‌ಬಿ ಮತ್ತು ಸಂಗಡಿಗರು 2009ರಿಂದ ಪರೀಕ್ಷಿಸುತ್ತಿರುವ ವಿಚಾರ ಇದಕ್ಕೆ ಹತ್ತಿರದ್ದು. ಎಲ್ಲ ಕೋಶಗಳನ್ನೂ ಕೊಲ್ಲಲು ಹೋಗದೆ, ಗಡ್ಡೆ ಒಂದು ಮಟ್ಟಕ್ಕೆ ಕುಗ್ಗಿದಾಗ ಔಷಧ ನಿಲ್ಲಿಸುವುದು, ಔಷಧಕ್ಕೆ ಬಗ್ಗುವ ಕೋಶಗಳನ್ನು ಸ್ವಲ್ಪ ಉಳಿಸಿ ಅವುಗಳಿಂದಲೇ ಬಗ್ಗದವುಗಳ ಬೆಳವಣಿಗೆಗೆ ತಡೆ ಹಾಕುವುದು. 2017ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಕೆಲವೇ ರೋಗಿಗಳಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಕಡಿಮೆ ಔಷಧದಲ್ಲಿ ರೋಗ ಹೆಚ್ಚು ಕಾಲ ಹಿಡಿತದಲ್ಲಿತ್ತು. ಇದು ಎಲ್ಲ ಕ್ಯಾನ್ಸರಿಗೂ ಸಿದ್ಧವಾದ ಚಿಕಿತ್ಸೆಯೇನೂ ಅಲ್ಲ. ಆದರೆ ಈ ದಾರಿ ಹೊಳೆದದ್ದು ಕೋಶದ ಮೇಲೆ ಸಿಟ್ಟಾಗುವುದನ್ನು ಬಿಟ್ಟು ಅದರ ಬದುಕನ್ನು ಗಮನಿಸಿದವರಿಗೆ.

ಇನ್ನು ಸೂತ್ರದ ಎರಡನೆಯ ಆರೋಪ. ದೇವರು ಪಕ್ಷಪಾತಿಯಲ್ಲ ಎಂದು ಮಳೆಯ ದೃಷ್ಟಾಂತದಿಂದ ಒಪ್ಪಿದೆ. ದೇವರು ಕ್ರೂರಿಯಲ್ಲ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಸಮನಾಗಿ ಸುರಿಯುವ ಮಳೆ ಕ್ರೂರವೂ ಆಗಬಹುದು. ಜೀವವನ್ನು ಗರ್ಭದಲ್ಲಿ ಕಟ್ಟುವ ನಿಯಮವೇ ಗಡ್ಡೆಯನ್ನೂ ಕಟ್ಟುವುದಾದರೆ, ಆ ನಿಯಮವನ್ನು ವೈನಿಗಾಗಿ ಒಂದು ದಿನ ನಿಲ್ಲಿಸು ಎಂದು ಬೇಡುವುದು ಹೇಗೆ? ಬೇಡದೆ ಇರುವುದಾದರೂ ಹೇಗೆ? ಅಣ್ಣ ಬೇಡಿದ, ನಾನೂ ಬೇಡಿದೆ. ಈ ಆರೋಪಕ್ಕೆ ಉತ್ತರ ನನಗೆ ಗ್ರಂಥದಲ್ಲಿ ಸಿಗಲಿಲ್ಲ, ನಾನಾಪೇಠೆಯ ರಸ್ತೆಯಲ್ಲಿ ಸಿಕ್ಕಿತು.

ಆಷಾಢ ಏಕಾದಶಿಗೆ ಮೊದಲು ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹುವಿನಿಂದ ತುಕಾರಾಮರ ಪಾಲಕಿ ಪುಣೆಗೆ ಬಂದು ಇಲ್ಲಿ ತಂಗಿ ಪಂಢರಪುರಕ್ಕೆ ಹೋಗುತ್ತವೆ. ತುಕಾರಾಮರ ಪಾಲಕಿಯ ತಂಗು ನಾನಾಪೇಠೆಯ ನಿವಡುಂಗ್ಯಾ ವಿಠೋಬನ ಗುಡಿ. ಪಂಢರಪುರದ ಆ ವಿಠ್ಠಲ ನಮ್ಮ ದಾಸರಿಗೂ ದೈವ. ವೈನಿ ಒಮ್ಮೆ ಪಾಲಕಿ ನೋಡಬೇಕೆಂದರು. ಅದು ಎರಡನೆಯ ಸಲದ ಕಿಮೋ ನಡೆಯುತ್ತಿದ್ದ ಕಾಲ. ತಲೆಗೆ ಸೆರಗು ಹೊದಿಸಿ, ರಸ್ತೆಯ ಬದಿಯ ಅಂಗಡಿಯವರಿಂದ ಸ್ಟೂಲು ಕೇಳಿ ಪಡೆದು ಕೂರಿಸಿದೆ. ಪಾಲಕಿಯೊಡನೆ ನಡೆಯುವ ವಾರಕರಿಗಳಲ್ಲಿ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸೊಬ್ಬಳು, ನಡೆದು ನಡೆದು ಹಿಮ್ಮಡಿ ಒಡೆದವಳು, ವೈನಿಯ ಮುಂದೆ ನಿಂತಳು. ಜಾರಿದ ಸೆರಗು, ಬೋಳು ತಲೆ, ಕಪ್ಪಾದ ಉಗುರು ಎಲ್ಲವನ್ನೂ ನೋಡಿದಳು. ತುಳಸಿಯನ್ನು ಜೊತೆಯವಳ ಕೈಗೆ ಕೊಟ್ಟು, ‘ಮಾವುಲಿ’, ಅಂದರೆ ತಾಯಿ, ಎಂದು ಬಾಗಿ ವೈನಿಯ ಕಾಲು ಮುಟ್ಟಿದಳು. ದಾರಿಯಲ್ಲಿ ಸಿಕ್ಕವರ ಕಾಲು ಮುಟ್ಟುವುದು ವಾರಕರಿಗಳ ರೂಢಿ, ಅದರಲ್ಲಿ ವಿಶೇಷವಿಲ್ಲ. ಆದರೆ ಬಳಗದವರ ಮಾತು ಕೇಳಿ ತಿಂಗಳುಗಳಿಂದ ತಾನು ಪಾಪಿ ಎಂದು ಕುಗ್ಗಿಹೋಗಿದ್ದ ವೈನಿ ಆ ಹೊತ್ತು ಬೆನ್ನು ನೆಟ್ಟಗೆ ಮಾಡಿ ಕೂತರು, ಬಾಗಿದವಳ ತಲೆಯ ಮೇಲೆ ಕೈಯಿಟ್ಟರು. ಮನೆಗೆ ಬರುವಾಗ ರಿಕ್ಷಾದಲ್ಲಿ, “ಆಕಿ ನನಗ ಏನೂ ಕೇಳಲಿಲ್ಲ ನೋಡು” ಎಂದರು.

ರೋಗ ಗುಣವಾಗಲಿಲ್ಲ. ಟೊಪೊಟಿಕ್ಯಾನೂ ಹೆಚ್ಚು ದಿನ ಹತ್ತಲಿಲ್ಲ. ವೈನಿ ನಮ್ಮನ್ನು ಬಿಟ್ಟು ಹೋದರು. ಆದರೆ ಹೋಗುವಾಗ ಹಿಟ್ಟಿನ ಮಾತು ಅವರ ಬಾಯಲ್ಲಿರಲಿಲ್ಲ.

ದೇವರು ದಯಾಳು ಎಂಬುದು ಪ್ರಕೃತಿಯ ನಿಯಮದಲ್ಲಿ ಓದಿ ತಿಳಿಯುವ ಸಂಗತಿ ಎಂದು ನನಗೆ ಈಗ ಅನಿಸುವುದಿಲ್ಲ. ನಿಯಮದಲ್ಲಿ ಸಮತೆ ಇದೆ, ಅದರಾಚೆಗೆ ಏನೂ ಕಾಣಿಸದು. ದಯೆ ಕಾಣಿಸುವುದು ಜೀವ ಜೀವದ ಕಡೆಗೆ ಬಾಗಿದಾಗ. ರೋಗಿಯ ಹೊಟ್ಟೆಯ ನೀರನ್ನು ಪ್ರಯೋಗಾಲಯಕ್ಕೆ ಒಯ್ದು ವರ್ಷಗಟ್ಟಲೆ ಅದರ ಮುಂದೆ ಕೂರುವವರಲ್ಲಿ ಅದು ಇದೆ, ಸಿಗದ ನರವನ್ನು ಸಮಾಧಾನದಿಂದ ಹುಡುಕುವ ನರ್ಸಿನಲ್ಲಿದೆ, ಆ ವಾರಕರಿ ಹೆಂಗಸಿನಲ್ಲಿದೆ. ದೇವರ ಮೇಲಿನ ಎರಡನೆಯ ಆರೋಪಕ್ಕೆ ಸಾಕ್ಷಿ ಹೇಳಬೇಕಾದವರು ನಾವು. ಔಷಧ ಕೈಕೊಟ್ಟ ಹಾಸಿಗೆಯ ಪಕ್ಕದಲ್ಲಿ ಕೂತು ‘ಕರ್ಮ’ ಎಂದವರು ತಮಗೆ ಅರಿವಿಲ್ಲದೆಯೇ ದೇವರನ್ನು ಕ್ರೂರಿ ಮಾಡುತ್ತಾರೆ, ರೋಗಿಯನ್ನು ಅಪರಾಧಿ ಮಾಡುತ್ತಾರೆ. ನೀವು ಆಸ್ತಿಕರಾಗಿದ್ದರೆ ಆ ಮಾತನ್ನು ಆಡಬೇಡಿ. ಕೇಳಿದರೆ ನಿಜ ಹೇಳಿ: ಆ ಕೋಶ ಮೊದಲೇ ಅಲ್ಲಿತ್ತು, ನಮ್ಮೆಲ್ಲರನ್ನೂ ಹುಟ್ಟಿಸಿ ಕಾಯ್ದ ಶಕ್ತಿಯಿಂದಲೇ ಉಳಿಯಿತು, ಇದರಲ್ಲಿ ನಿನ್ನ ತಪ್ಪಿಲ್ಲ. ಆಮೇಲೆ ಅವರಿಗೆ ಏನು ಬೇಕೋ ಕೇಳಿ, ಅದನ್ನು ಮಾಡಿ.